ಕೆಲಸ ಸಿಕ್ಕವರಿಗೆ ಇಲ್ಲಿ ಊಟವಿಲ್ಲ

ಖಾನಾವಳಿಯ ಕಾಕಾ ಏಳುವ ಮೊದಲು ತಮಗೆ ತಾವೇ "ಹ್ಞಾ, ನಡಿ ಇನ್ನ" ಎಂದು ಹೇಳಿಕೊಳ್ಳುತ್ತಿದ್ದರು, ಎತ್ತಿಗೆ ಹೇಳುವ ಹಾಗೆ. ಬೆಳಿಗ್ಗೆ ಒಲೆ ಹಚ್ಚುವಾಗ, ಹಿಟ್ಟು ನಾದಲು ಹೋಗುವಾಗ, ಸಂಜೆ ಮತ್ತೆ ಅದೇ ಒಲೆಯ ಮುಂದೆ ಕೂರಬೇಕಾದಾಗ, ದಿನಕ್ಕೆ ಏನಿಲ್ಲವೆಂದರೂ ಹತ್ತು ಸಲ ಈ ಮಾತು ಬರುತ್ತಿತ್ತು. ಹೇಳಿದ ತಕ್ಷಣ ಏಳುತ್ತಲೂ ಇರಲಿಲ್ಲ. ಸ್ವಲ್ಪ ಹೊತ್ತು ಹಾಗೇ ಕೂತಿದ್ದು, ಎಣ್ಣೆಯ ಖಾಲಿ ಡಬ್ಬಿಯ ಮೇಲೆ ಅಂಗೈ ಊರಿ, ಮೊದಲು ಎಡಗಾಲು, ಆಮೇಲೆ ಬಲಗಾಲು, ಕೊನೆಗೆ ಸೊಂಟ, ಹೀಗೆ ಒಂದೊಂದನ್ನೇ ಎಬ್ಬಿಸಿಕೊಂಡು ಏಳುತ್ತಿದ್ದರು. ಆಗ ಅವರಿಗೆ ಐವತ್ತೂ ಆಗಿರಲಿಲ್ಲ. ನನಗೆ ಇಪ್ಪತ್ತಮೂರು, ನೋಡಿ ನಗುತ್ತಿದ್ದೆ. ಈಗ ಪಟಾನ್‌ಚೆರುವಿನ ಕಂಪನಿ ಬಸ್ಸಿನಿಂದ ಮಿಯಾಪುರದಲ್ಲಿ ಇಳಿಯುವಾಗ ನನ್ನ ಬಾಯಲ್ಲೂ ಅದೇ ಮಾತು ಬರುತ್ತದೆ. ನಗು ಮಾತ್ರ ಬರುವುದಿಲ್ಲ.

ಅವರು ತೀರಿಕೊಂಡ ಸುದ್ದಿ ಸಿಕ್ಕಿದ್ದೂ ಅದೇ ಬಸ್ಸಿನಲ್ಲಿ. ಶರಣು ಫೋನ್ ಮಾಡಿದ್ದ. ಶರಣು ಎಂದರೆ ಅಮೀರ್‌ಪೇಟೆಯಲ್ಲಿ ನನ್ನ ಜೊತೆ ಒಂದೇ ಖೋಲಿಯಲ್ಲಿದ್ದ ಹುಮನಾಬಾದಿನ ಗೆಳೆಯ. "ಕಾಕಾ ಹ್ವಾದರಪಾ" ಎಂದ. ನಾನು "ಹೌದೇನು" ಎಂದೆ, ಅಷ್ಟೇ. ಪಕ್ಕದ ಸೀಟಿನವನು ನನ್ನ ಭುಜಕ್ಕೆ ತಲೆ ಕೊಟ್ಟು ನಿದ್ದೆ ಹೋಗಿದ್ದ, ಅವನನ್ನು ಎಬ್ಬಿಸದ ಹಾಗೆ ಮಾತು ಮುಗಿಸಿದೆ. ಹೋಗಿ ಬರಬೇಕೆಂದುಕೊಂಡೆ. ಆ ದಿನ ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ. ಎರಡು ವಾರ ಬಿಟ್ಟು ಒಂದು ಭಾನುವಾರ ಹೋದೆ. ದಣಿವು ಎಂಬುದು ನೆಪ. ನಿಜ ಏನೆಂದರೆ, ಆ ಮನುಷ್ಯನಿಗೆ ನಾನು ಎರಡು ಸುಳ್ಳು ಹೇಳಿದ್ದೆ. ಒಂದು ಅವರಿಗೆ ಗೊತ್ತಾಯಿತು. ಇನ್ನೊಂದು ಗೊತ್ತಾಗಲೇ ಇಲ್ಲ. ಅದನ್ನು ಹೇಳಿ ಹಗುರಾಗಬೇಕೆಂದು ಇಪ್ಪತ್ತು ವರ್ಷ ಅಂದುಕೊಂಡೇ ಇದ್ದೆ.

ಆಗಿನ ಅಮೀರ್‌ಪೇಟೆ ಎಂದರೆ ಗೋಡೆ ಕಾಣದಷ್ಟು ಬೋರ್ಡು. ಸಾಫ್ಟ್‌ವೇರಿನ ಗಾಳಿ ಜೋರಾಗಿ ಬೀಸುತ್ತಿದ್ದ ಕಾಲ. ಒಂದೊಂದು ಕಟ್ಟಡದಲ್ಲಿ ಹತ್ತಾರು ತರಬೇತಿ ಕೇಂದ್ರ, ಮೆಟ್ಟಿಲು ಮೆಟ್ಟಿಲಿಗೆ ಪಾಂಪ್ಲೆಟ್ ಹಿಡಿದು ನಿಂತವರು. ನಾಲ್ಕು ತಿಂಗಳಲ್ಲಿ ಜಾವಾ, ಮೂರು ತಿಂಗಳಲ್ಲಿ ಟೆಸ್ಟಿಂಗ್. ಬೀದರ, ಕಲಬುರಗಿ, ಯಾದಗಿರಿ ಕಡೆಯ ನಮಗೆ ಬೆಂಗಳೂರಿಗಿಂತ ಇದೇ ಹತ್ತಿರ, ಬೆಳಿಗ್ಗೆ ಬಸ್ಸು ಹತ್ತಿದರೆ ಊಟದ ಹೊತ್ತಿಗೆಲ್ಲ ಇಲ್ಲಿ. ನನ್ನೂರು ಬೀದರ, ಓದಿದ್ದು ರಸಾಯನಶಾಸ್ತ್ರದ ಬಿ.ಎಸ್ಸಿ. ಕಂಪ್ಯೂಟರಿಗೂ ನನಗೂ ಯಾವ ನಂಟೂ ಇರಲಿಲ್ಲ. ಎಲ್ಲರೂ ಹೊರಟರು, ನಾನೂ ಹೊರಟೆ. ಬಂದ ಮೇಲೆ ತಿಳಿಯಿತು, ಕಲಿಯುವುದಕ್ಕಿಂತ ಉಣ್ಣುವುದೇ ದೊಡ್ಡ ಫಜೀತಿ ಎಂದು.

ಅಗ್ಗದ ಊಟಕ್ಕೆ ಅಲ್ಲಿ ಬರವಿರಲಿಲ್ಲ. ಬೆಳಿಗ್ಗೆ ಬಂಡಿಯ ಮೇಲೆ ಇಡ್ಲಿ, ಸಂಜೆ ಅದೇ ಬಂಡಿಯಲ್ಲಿ ಮಿರ್ಚಿ ಬಜ್ಜಿ, ಇರಾನಿ ಹೋಟೆಲಿನಲ್ಲಿ ಇಬ್ಬರ ನಡುವೆ ಒಂದು ಚಹಾ. ಮಧ್ಯಾಹ್ನಕ್ಕೆ ಕರ್ರಿ ಪಾಯಿಂಟ್. ಖೋಲಿಯಲ್ಲಿ ಅನ್ನ ಮಾಡಿಟ್ಟುಕೊಂಡು, ಅಲ್ಲಿಂದ ಬೇಳೆಯ ಪಪ್ಪು, ಬೆಂಡೆಕಾಯಿ ಪಲ್ಯ, ಸಾಂಬಾರು, ಎಲ್ಲವನ್ನೂ ಪುಟ್ಟ ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಕೊಂಡು ಬರುವುದು. ಆ ಚೀಲಗಳ ಗಂಟನ್ನು ಬಿಚ್ಚಿದ ಮಗ ಯಾರೂ ಇಲ್ಲ, ಹಲ್ಲಿನಿಂದ ಕಚ್ಚಿಯೇ ಹರಿಯಬೇಕು, ಅರ್ಧ ಸಾಂಬಾರು ಅಂಗಿಗೆ. ರುಚಿಗೇನೂ ಕೊರತೆಯಿರಲಿಲ್ಲ. ಆದರೆ ರೊಟ್ಟಿ ತಿಂದು ಬೆಳೆದ ಹೊಟ್ಟೆ ನಮ್ಮದು. ಅನ್ನ ಉಂಡು ಎರಡು ತಾಸಿಗೆ ಮತ್ತೆ ಹಸಿವಾಗುತ್ತಿತ್ತು. ಜಾವಾ ಕ್ಲಾಸಿನಲ್ಲಿ ಕೂತು ನಾನು ಯೋಚಿಸಿದ್ದೆಲ್ಲ ಬಿಸಿ ರೊಟ್ಟಿ ಮತ್ತು ಪುಂಡಿಪಲ್ಯದ ಬಗ್ಗೆ.

ಕಾಕಾರ ಖಾನಾವಳಿಗೆ ಬೋರ್ಡು ಇರಲಿಲ್ಲ. ಝೆರಾಕ್ಸ್ ಅಂಗಡಿಗಳ ಗಲ್ಲಿಯ ಕೊನೆಗೆ, ಹಳೆಯ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ಎರಡು ಖೋಲಿ. ಮುಂದಿನದರಲ್ಲಿ ನಾವು, ಹಿಂದಿನದರಲ್ಲಿ ಕಾಕಾ, ಅವರ ಹೆಂಡತಿ ಕಾಕು ಮತ್ತು ಒಲೆ. ಅವರಿಗೆ ಮಕ್ಕಳಿರಲಿಲ್ಲ. ಗಂಡಸರು ರೊಟ್ಟಿ ಬಡಿಯುವುದನ್ನು ನಾನು ಮೊದಲು ನೋಡಿದ್ದು ಅಲ್ಲೇ. ಮಧ್ಯಾಹ್ನದ ರೊಟ್ಟಿ ಕಾಕಾರದು, ಸಂಜೆಯದು ಕಾಕುವಿನದು. ಕಾಕಾರ ರೊಟ್ಟಿ ಅಗಲ, ಕಾಕುವಿನದು ತೆಳು. ಬಡಿಯುವ ಸದ್ದು ಕೇಳಿಯೇ ಇದು ಯಾರ ಕೈ ಎಂದು ಹೇಳುವಷ್ಟು ಹಸಿದಿರುತ್ತಿದ್ದೆವು. ಜೊತೆಗೆ ಒಂದು ಕಾಳಿನ ಪಲ್ಯ, ಒಂದು ಸೊಪ್ಪು, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಉಳ್ಳಾಗಡ್ಡಿ, ಕಡೆಗೆ ಒಂದು ಸೌಟು ಅನ್ನ.

ತಾಟು ಹದಿನಾಲ್ಕೇ. ಎರಡನೆಯ ಪಂಕ್ತಿ ಇಲ್ಲ. ಇನ್ನೂ ನಾಲ್ಕು ಜನರನ್ನು ಸೇರಿಸಿಕೊಳ್ಳಿ ಎಂದು ಎಷ್ಟೋ ಜನ ಕೈ ಮುಗಿದರೂ ಅವರದು ಒಂದೇ ಉತ್ತರ. ನನ್ನ ರಟ್ಟೆ ಹದಿನಾಲ್ಕು ಮಂದಿಗೆ ಬಡಿಯುತ್ತದೆ, ಹದಿನೈದನೆಯವನಿಗೆ ಬಡಿಯುವುದಿಲ್ಲ. ಖಾನಾವಳಿಯಿಂದ ಏನನ್ನೂ ಕಟ್ಟಿಕೊಂಡು ಹೋಗುವಂತಿಲ್ಲ ಎಂಬುದು ಇನ್ನೊಂದು ಕಾನೂನು. ಎಲ್ಲಕ್ಕಿಂತ ದೊಡ್ಡ ಕಾನೂನು, ಕೆಲಸ ಸಿಕ್ಕವರಿಗೆ ಇಲ್ಲಿ ಊಟವಿಲ್ಲ. ಆಫರ್ ಲೆಟರ್ ಕೈಗೆ ಬಂದ ದಿನ ಬಂದು ಹೇಳಬೇಕು. ಮರುದಿನ ಮಧ್ಯಾಹ್ನ ಗೋಧಿ ಹುಗ್ಗಿ ಆಗುತ್ತಿತ್ತು. ಯಾವತ್ತೂ ಒಲೆ ಬಿಟ್ಟು ಬರದ ಕಾಕಾ ಅಂದು ಹೊರಗೆ ಬಂದು, ಕೆಲಸ ಸಿಕ್ಕವನ ತಾಟಿಗೆ ತಾವೇ ಹುಗ್ಗಿ ಬಡಿಸಿ, ತುಪ್ಪ ಸುರಿದು, ಅವನು ಉಂಡು ಮುಗಿಸುವ ತನಕ ಎದುರಿಗೆ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಅವನು ಕೈ ತೊಳೆದು ಬರುವಷ್ಟರಲ್ಲಿ ಅವನ ತಾಟು ತೊಳೆದು, ಬಾಗಿಲಲ್ಲಿ ಪಾಳಿ ಹಚ್ಚಿ ನಿಂತ ಮೊದಲನೆಯವನ ಕೈಗೆ ಕೊಟ್ಟು ಬಿಡುತ್ತಿದ್ದರು. ಶುಭವಾಗಲಿ ಎಂದಾಗಲಿ, ಮರೆಯಬೇಡ ಎಂದಾಗಲಿ ಹೇಳುತ್ತಿರಲಿಲ್ಲ.

ಇದಕ್ಕೆ ಬೇಜಾರು ಮಾಡಿಕೊಂಡವರೂ ಇದ್ದರು. ಮಾದಾಪುರದ ಕಂಪನಿಯೊಂದನ್ನು ಸೇರಿದ ನಮ್ಮವನೊಬ್ಬ ಒಂದು ಶನಿವಾರ ಕಾರಿನಲ್ಲಿ ಮೂವರು ಸಹೋದ್ಯೋಗಿಗಳನ್ನು ಕರೆದುಕೊಂಡು ಬಂದ. ಕೊರಳಲ್ಲಿ ಐಡಿ ಕಾರ್ಡು ಇನ್ನೂ ನೇತಾಡುತ್ತಿತ್ತು. ಇಲ್ಲಿಯ ರೊಟ್ಟಿ ತಿನ್ನಿಸುತ್ತೇನೆ ಎಂದು ದಾರಿಯುದ್ದಕ್ಕೂ ಹೊಗಳಿಕೊಂಡು ಬಂದಿದ್ದನಂತೆ. ಕಾಕಾ ನಾಲ್ವರಿಗೂ ತಂಪು ನೀರು ಕೊಟ್ಟರು, ಕೂರಿಸಿ ಆರಾಮ ಕೇಳಿದರು, ಆಮೇಲೆ ಮುಂದಿನ ಗಲ್ಲಿಯಲ್ಲಿ ಒಳ್ಳೆಯ ಹೋಟೆಲು ಇದೆ ಎಂದು ದಾರಿ ಹೇಳಿ ಕಳಿಸಿದರು. ಅವನಿಗೆ ಮುಖ ಕೆಂಪಾಯಿತು. ಬೇಕಾದರೆ ನಾಲ್ಕು ಪಟ್ಟು ಕೊಡುತ್ತೇನೆ ಎಂದ. ಕಾಕಾ ಆಗಲೇ ಡಬ್ಬಿಗೆ ಕೈ ಊರಿ ಏಳುವ ತಯಾರಿಯಲ್ಲಿದ್ದರು.

ಈ ಹಟ ಎಲ್ಲಿಂದ ಬಂತು ಎಂದು ಒಮ್ಮೆ ಕೇಳಿದ್ದೆ. ಹಿಟ್ಟು ನಾದುತ್ತಲೇ ಹೇಳಿದರು. ಪಟಾನ್‌ಚೆರುವಿನ ಒಂದು ರಾಸಾಯನಿಕ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅವರು ಗುತ್ತೇದಾರನ ಕೈಕೆಳಗೆ ಹನ್ನೊಂದು ವರ್ಷ ಅಡುಗೆ ಮಾಡಿದ್ದರು. ಕಾಯಂ ನೌಕರರು ಮೊದಲು ಬಂದು, ಬೆಂಚಿನ ಮೇಲೆ ಕೂತು ಉಣ್ಣಬೇಕು. ಉಂಡ ಮೇಲೆಯೂ ಹಲ್ಲಿಗೆ ಕಡ್ಡಿ ಹಾಕಿಕೊಂಡು ಅಲ್ಲೇ ಕೂತಿರುತ್ತಿದ್ದರು. ಗುತ್ತಿಗೆಯ ಆಳುಗಳು, ಅಂದರೆ ನಮ್ಮ ಆಳಂದ, ಸೇಡಂ, ಚಿಂಚೋಳಿ ಕಡೆಯ ಮಂದಿ, ಗೋಡೆಗೆ ಒರಗಿ ನಿಂತುಕೊಂಡು, ಉಳಿದದ್ದನ್ನು ನಿಂತೇ ಉಣ್ಣಬೇಕು. "ಹೊಟ್ಟಿ ತುಂಬಿದಂವ ಏಳಬೇಕಪಾ" ಎಂದರು ಕಾಕಾ. "ಹನ್ನೊಂದ್ ವರ್ಸ ಅದನ್ನ ನೋಡೀನಿ, ಒಬ್ಬನೂ ಏಳಲಿಲ್ಲ." ಕಾರ್ಖಾನೆ ಮುಚ್ಚಿದಾಗ ಅವರ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಅನುಭವದ ಒಂದು ಕಾಗದ ಬರೆದುಕೊಟ್ಟು ಕಳಿಸಿದರಂತೆ.

ಅಷ್ಟು ಬೈದರೂ ಅವರಿಗೆ ಕ್ಯಾಂಟೀನಿನ ಮೇಲೆ ಆಸೆ ಹೋಗಿರಲಿಲ್ಲ. ಮೈ ಬಹಳ ನೋಯುವ ದಿನ ಅದರ ಮಾತು ತೆಗೆಯುತ್ತಿದ್ದರು. ಅಲ್ಲಿ ಅನ್ನ ಹಬೆಯಲ್ಲಿ ತಾನೇ ಬೇಯುತ್ತದೆ, ಎಂಟು ತಾಸಿನ ಪಾಳಿ, ಭಾನುವಾರ ಸೂಟಿ, ಕಾಯಂ ಆದರೆ ದವಾಖಾನೆಯ ಕಾರ್ಡು. ಕಾಯಂ ಆಗುವ ಕನಸು ಅವರಿಗೂ ಇತ್ತು ಎಂದು ಹೇಳಿದರೆ ನಮ್ಮ ಹುಡುಗರು ನಂಬುತ್ತಿರಲಿಲ್ಲ.

ಕೆಲಸ ಸಿಕ್ಕಿತೆಂದು ನಾವು ಬಾಯಿ ಬಿಡುವ ಮೊದಲೇ ಅವರಿಗೆ ತಿಳಿಯುತ್ತಿತ್ತು. ಬಾಗಿಲ ಹೊರಗೆ ಬಿಟ್ಟ ಚಪ್ಪಲಿ ನೋಡುತ್ತಿದ್ದರು. ಹವಾಯಿ ಚಪ್ಪಲಿಯ ಜಾಗದಲ್ಲಿ ಒಂದು ದಿನ ಕರಿ ಬೂಟು ಬಂದರೆ ಇಂಟರ್‌ವ್ಯೂ, ಮರುದಿನವೂ ಅದೇ ಬೂಟಾದರೆ ಕೆಲಸ. ನಮ್ಮ ಖೋಲಿಯ ನಾಲ್ವರಿಗೆ ಇದ್ದದ್ದು ಒಂದೇ ಜೊತೆ ಬೂಟು, ಅದೂ ಶರಣುವಿನ ಅಳತೆ. ಅದಕ್ಕೇ ನಮ್ಮ ವಿಷಯದಲ್ಲಿ ಕಾಕಾ ಆಗಾಗ ಮೋಸ ಹೋಗುತ್ತಿದ್ದರು.

ಆಮೇಲೆ ಆ ಕೆಟ್ಟ ವರ್ಷ ಬಂತು. ಅಮೆರಿಕದಲ್ಲಿ ಏನೋ ಆಗಿದೆ ಎಂದರು, ಕಂಪನಿಗಳು ತಣ್ಣಗಾದವು. ಇಂಟರ್‌ವ್ಯೂಗಳು ನಿಂತವು. ಸೇರಿದ್ದವರೂ ಕಂಪನಿಯಲ್ಲಿ ಕೆಲಸವಿಲ್ಲದೆ ಬೆಂಚಿನ ಮೇಲೆ ಕೂತರು, ಕೂತವರು ಮನೆಗೆ ಬಂದರು. ಖಾನಾವಳಿಯಲ್ಲಿ ಹುಗ್ಗಿ ಆಗಲೇ ಇಲ್ಲ, ಒಂದು ತಿಂಗಳು, ಎರಡು, ಐದು ತಿಂಗಳು. ಹದಿನಾಲ್ಕು ತಾಟಿನಿಂದ ಯಾರೂ ಏಳಲಿಲ್ಲ. ಬಾಗಿಲಲ್ಲಿ ನಿಂತವರ ಸಾಲು ಬೆಳೆಯಿತು. ಅವರು ಬರೇ ನೋಡುತ್ತಿದ್ದರು. ನಾವು ರೊಟ್ಟಿ ಮುರಿಯುವುದನ್ನು, ಅದ್ದುವುದನ್ನು, ಬಾಯಿಗಿಡುವುದನ್ನು. ಆ ಹದಿನಾಲ್ಕರಲ್ಲಿ ಎಲ್ಲರಿಗಿಂತ ಹಳಬ ನಾನು. ಎರಡು ವರ್ಷ ಆಗಿತ್ತು. ಒಂದು ದಿನ ಒಳಗಿನಿಂದ ಕಾಕು ಯಾವ ದುರುದ್ದೇಶವೂ ಇಲ್ಲದೆ ಕೇಳಿದ್ದು ಕಿವಿಗೆ ಬಿತ್ತು, ಆ ಬೀದರ ಹುಡುಗ ಇನ್ನೂ ಇದ್ದಾನೇನು ಎಂದು. ಮುರಿದ ರೊಟ್ಟಿಯನ್ನು ತಾಟಿನಲ್ಲೇ ಇಟ್ಟು ಎದ್ದೆ.

ಮರುದಿನ ನಾನು ಮೊದಲನೆಯ ಸುಳ್ಳು ಹೇಳಿದೆ. ಕೈ ತೊಳೆದುಕೊಂಡು ಒಳಗೆ ಹೋಗಿ, ಕೆಲಸ ಆಯಿತು ಕಾಕಾ ಎಂದೆ. ಮಾದಾಪುರದಲ್ಲಿ ಒಂದು ಕಂಪನಿ, ಸೋಮವಾರದಿಂದ. ಕಾಕಾ ನನ್ನ ಕಾಲು ನೋಡಿದರು. ಬೂಟು ಇರಲಿಲ್ಲ, ಬೂಟು ನನಗೆ ಕಚ್ಚುತ್ತದೆ ಎಂದು ಅವರು ಕೇಳುವ ಮೊದಲೇ ಹೇಳಿದೆ. ಅವರ ಮುಖ ಅರಳಿದ್ದನ್ನು ಆವತ್ತೇ ಮೊದಲು ನೋಡಿದೆ. ಕಾಕುವನ್ನು ಕರೆದು, ಗೋಧಿ ನೆನೆ ಹಾಕು ಎಂದರು.

ಐದು ತಿಂಗಳ ಮೇಲೆ ಆದ ಹುಗ್ಗಿ ಅದು. ನಾನು ಅಂದುಕೊಂಡಿದ್ದು, ಉಂಡು ಎದ್ದು ಹೋದರೆ ಮುಗಿಯಿತು ಎಂದು. ಹಾಗಾಗಲಿಲ್ಲ. ನನ್ನ ಒಬ್ಬನ ಹುಗ್ಗಿಯಿಂದ ಇಡೀ ಖೋಲಿಗೆ ಜೀವ ಬಂತು. ಕಂಪನಿಗಳು ಮತ್ತೆ ತಗೊಳ್ಳಾಕತ್ತಾವ ಎಂದು ಹದಿಮೂರು ಮಂದಿಯೂ ಒಂದೇ ಸಲ ಮಾತಾಡಿದರು. ಇಂಟರ್‌ವ್ಯೂನಲ್ಲಿ ಏನೇನು ಕೇಳಿದರು ಎಂದು ಸುತ್ತುವರಿದರು. ನಾನು ಬಾಯಿಗೆ ಬಂದದ್ದು ಹೇಳಿದೆ. ಅವರು ಪಾಂಪ್ಲೆಟ್ಟುಗಳ ಹಿಂದೆ ಬರೆದುಕೊಂಡರು. ತಿಂಗಳು ಕಳೆದ ಮೇಲೆ ನನ್ನ ಆ ಪ್ರಶ್ನೆಗಳ ಝೆರಾಕ್ಸ್ ಬೇರೊಂದು ಹಾಸ್ಟೆಲಿನಲ್ಲಿ ಶರಣುವಿಗೆ ಸಿಕ್ಕಿತಂತೆ. ಕಾಕಾ ಎದುರಿಗೆ ಕೂತು, ತುಪ್ಪದ ಗಿಂಡಿ ಹಿಡಿದು, ಇನ್ನಷ್ಟು ಎಂದು ಸುರಿಯುತ್ತಲೇ ಇದ್ದರು. ನಾಚಿಕೆಯಿಂದ ನನಗೆ ಸತ್ತುಹೋಗಬೇಕು ಅನ್ನಿಸಿತು. ಆದರೂ ಎರಡು ಸಲ ಹಾಕಿಸಿಕೊಂಡು ಉಂಡೆ, ಅಷ್ಟು ಚೆನ್ನಾಗಿತ್ತು.

ಆ ಮೇಲಿನ ಆರು ವಾರ ಹೇಗೆ ಕಳೆದೆನೋ. ಶರಣುವಿಗೆ ಎಲ್ಲ ಗೊತ್ತಿತ್ತು, ಬೈದ, ಆದರೆ ಯಾರಿಗೂ ಹೇಳಲಿಲ್ಲ. ರೊಟ್ಟಿ ಕಟ್ಟಿ ತರುವಂತಿರಲಿಲ್ಲವಾದ್ದರಿಂದ ಅವನಿಂದ ನನಗೇನೂ ಆಗುವ ಹಾಗಿರಲಿಲ್ಲ. ಕರ್ರಿ ಪಾಯಿಂಟಿನ ಒಂದು ಚೀಲ ಸಾಂಬಾರನ್ನು ಎರಡು ದಿನ ಎಳೆಯುತ್ತಿದ್ದೆ. ಊರಿಗೆ ಹೋಗಲು ಮುಖವಿಲ್ಲ, ಕಾಕಾರ ಗಲ್ಲಿಯಲ್ಲಿ ನಡೆಯಲು ಧೈರ್ಯವಿಲ್ಲ. ಕೆಲಸಕ್ಕೆ ಹೋದವನು ಹಗಲು ಹೊತ್ತು ಬೀದಿಯಲ್ಲಿ ಕಾಣಬಾರದಲ್ಲ, ಅದಕ್ಕೆ ಬೆಳಗಿನಿಂದ ಸಂಜೆಯ ತನಕ ಖೋಲಿಯಲ್ಲಿ ಬಾಗಿಲು ಹಾಕಿಕೊಂಡು ಮಲಗಿರುತ್ತಿದ್ದೆ.

ಹಾಗೆ ಮಲಗಿದ್ದಾಗ ಒಂದು ದಿನ ಹನ್ನೊಂದರ ಹೊತ್ತಿಗೆ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಕಾಕಾ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದರು. ಅವರ ಮೈಮೇಲೆ ಬನಿಯನ್ ಬಿಟ್ಟು ಬೇರೇನನ್ನೂ ನಾನು ನೋಡಿರಲಿಲ್ಲ. ಕೈಯಲ್ಲಿ ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಿಸಿದ ಒಂದು ಕಾಗದ, ಆ ಕಾರ್ಖಾನೆಯವರು ಕೊಟ್ಟ ಅನುಭವದ ಕಾಗದ. ಪಂಕ್ತಿಯಲ್ಲಿ ಎಲ್ಲರೆದುರು ಬೇಡವೆಂದು, ನನಗೆ ಕೊಡಲಿಕ್ಕೆ ಅದನ್ನು ಶರಣುವಿನ ಕೈಯಲ್ಲಿ ಇಟ್ಟು ಹೋಗಲು ಬಂದಿದ್ದರು. ನನ್ನನ್ನು ಅಲ್ಲಿ ನೋಡಿ, ಸೂಟಿ ಏನು ಎಂದು ಕೇಳಿದರು. ಉತ್ತರಕ್ಕೂ ಕಾಯದೆ ತಮ್ಮ ಮಾತು ಶುರು ಮಾಡಿದರು. ಬಲಗೈ ಭುಜದ ಮೇಲೆ ಏಳುತ್ತಿಲ್ಲ, ಡಾಕ್ಟರು ರೊಟ್ಟಿ ಬಡಿಯುವುದು ಬಿಡು ಅನ್ನುತ್ತಿದ್ದಾರೆ. "ನಿಮ್ಮ ಕಂಪನ್ಯಾಗ ದೊಡ್ಡ ಕ್ಯಾಂಟೀನ್ ಇರತೈತಂತ. ಯಾರಿಗರ ಒಂದ್ ಮಾತು ಹೇಳಪಾ. ಅನ್ನಾ ಸಾರು ಮಾಡಾಕ ನನಗ ಭುಜ ಬೇಕಾಗಿಲ್ಲ." ಯಾರ ಹತ್ತಿರವೂ ಏನನ್ನೂ ಕೇಳದ ಮನುಷ್ಯ. ಕೇಳುವಾಗ ನನ್ನ ಮುಖ ನೋಡಲಿಲ್ಲ, ಕೈಯಲ್ಲಿದ್ದ ಕಾಗದವನ್ನೇ ನೋಡುತ್ತಿದ್ದರು.

ನನಗೆ ಅಳು ಬಂತು. ಕೆಲಸ ಇಲ್ಲ ಕಾಕಾ, ಸಿಕ್ಕೇ ಇಲ್ಲ ಎಂದೆ.

ಅವರು ಮಂಚದ ತುದಿಯಲ್ಲಿ ಕೂತರು. ಬೈಯಲಿ ಎಂದು ಕಾಯುತ್ತಿದ್ದೆ. ಕಾಗದವನ್ನು ಮೆಲ್ಲಗೆ ಎರಡು ಮಡಿಕೆ ಮಾಡಲು ನೋಡಿದರು, ಪ್ಲಾಸ್ಟಿಕ್ಕಾದ್ದರಿಂದ ಅದು ಮಡಚಿಕೊಳ್ಳಲಿಲ್ಲ. ಕೊನೆಗೆ ಉಂಡು ಎಷ್ಟು ದಿನವಾಯಿತು ಎಂದು ಕೇಳಿದರು. ಹೇಳಿದೆ. "ಹ್ಞಾ, ನಡಿ ಇನ್ನ" ಎಂದರು. ಆ ಸಲ ಅದನ್ನು ನನಗೆ ಹೇಳಿದ್ದು.

ಖಾನಾವಳಿಯ ಬಾಗಿಲಲ್ಲಿ ಆ ದಿನವೂ ಹನ್ನೆರಡು ಮಂದಿ ಪಾಳಿಯಲ್ಲಿ ನಿಂತಿದ್ದರು. ಅವರನ್ನು ದಾಟಿಸಿ ನನ್ನನ್ನು ಪಂಕ್ತಿಯಲ್ಲಿ ಕೂರಿಸಲಿಲ್ಲ. ಹಿಂದಿನ ಬಾಗಿಲಿನಿಂದ ಒಲೆಯ ಹತ್ತಿರ ಕರೆದೊಯ್ದು, ತಾವು ಉಣ್ಣುತ್ತಿದ್ದ ತಾಟು ತೆಗೆದು ನನ್ನ ಮುಂದಿಟ್ಟರು. "ಇದು ನನ್ನ ತಾಟು. ಇದಕ್ಕ ಪಾಳಿ ಇಲ್ಲ" ಎಂದರು. ಅವರ ಪಾಲಿನ ಎರಡು ರೊಟ್ಟಿ ನನಗೆ ಬಂದವು, ಅವರು ಆ ಹೊತ್ತು ಅನ್ನ ಉಂಡರು. ಹೊರಗಿನವರಿಗೆ ಏನೂ ಹೇಳಬೇಡ ಎಂದೂ ಹೇಳಿದರು, ಒಂದು ಹುಗ್ಗಿಯಾದರೂ ಆಗಿದೆ ಎಂಬ ಸಮಾಧಾನದಲ್ಲಿ ಇದ್ದಾರೆ, ಇರಲಿ ಎಂದು. ಅಂದಿನಿಂದ ಎಲ್ಲರೂ ಉಂಡು ಹೋದ ಮೇಲೆ ನಾನು ಹಿಂದಿನ ಬಾಗಿಲಿಗೆ ಹೋಗುತ್ತಿದ್ದೆ. ಏಳು ತಿಂಗಳು ಅವರ ತಾಟಿನಲ್ಲಿ ಉಂಡೆ. ನಾನು ಉಂಡೇಳುವ ತನಕ ಅವರು ಕಾಯುತ್ತಿದ್ದರು, ಆಮೇಲೆ ಅದೇ ತಾಟು ತೊಳೆದುಕೊಂಡು ಅವರು ಉಣ್ಣುತ್ತಿದ್ದರು.

ಕೊನೆಗೂ ನನ್ನ ಕೈ ಹಿಡಿದದ್ದು ಜಾವಾ ಅಲ್ಲ, ರಸಾಯನಶಾಸ್ತ್ರ. ಪೇಪರಿನ ಜಾಹೀರಾತು ನೋಡಿ ಅರ್ಜಿ ಹಾಕಿದ್ದೆ, ಪಟಾನ್‌ಚೆರುವಿನ ಔಷಧ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಈ ಸಲ ಕಾಗದ ತೋರಿಸು ಎಂದರು ಕಾಕಾ. ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಸೀಲಿನ ಮೇಲೆ ಬೆರಳಾಡಿಸಿ ನೋಡಿ, ಇದು ಖರೇ ಐತಿ ಎಂದರು. ಹುಗ್ಗಿಯನ್ನು ಮೊದಲೇ ಉಂಡಿದ್ದೀಯ, ಇನ್ನೊಮ್ಮೆ ಇಲ್ಲ ಎಂದು ನಕ್ಕರು. ಆಮೇಲೆ ನನ್ನ ಕಡೆ ಬೆನ್ನು ಮಾಡಿ ತಾಟು ತೊಳೆಯುತ್ತ, ಏನೋ ನೆನಪಾದವರ ಹಾಗೆ ಕೇಳಿದರು. "ಅಲ್ಲಿ ಕ್ಯಾಂಟೀನ್ ಐತೇನು?"

ಇತ್ತು. ಅಂದೇ ಬೆಳಿಗ್ಗೆ ನೋಡಿ ಬಂದಿದ್ದೆ. ಉದ್ದನೆಯ ಬೆಂಚುಗಳು, ಹಬೆಯ ಪಾತ್ರೆಗಳು, ತಲೆಗೆ ಬಿಳಿ ಟೋಪಿ ಹಾಕಿದ ಅಡುಗೆಯವರು. ಕಾಕಾ ಆ ಟೋಪಿ ಹಾಕಿಕೊಂಡು ಅಲ್ಲಿ ನಿಂತದ್ದು ನನ್ನ ಕಣ್ಣಿಗೆ ಕಟ್ಟಿತು. ನಾನು ಲ್ಯಾಬಿನವರ ಜೊತೆ ಬಿಳಿ ಕೋಟಿನಲ್ಲಿ ಬರುತ್ತೇನೆ, ಅವರು ಎಲ್ಲರೆದುರು ಏ ಬೀದರ ಎಂದು ಕೂಗುತ್ತಾರೆ, ಇವನು ನನ್ನ ತಾಟಿನಲ್ಲಿ ಉಂಡವ ಎಂದು ಪಕ್ಕದವನಿಗೆ ಹೇಳುತ್ತಾರೆ, ಹುಗ್ಗಿಯ ಕತೆ ಮೂರು ದಿನದಲ್ಲಿ ಲ್ಯಾಬು ತಲುಪುತ್ತದೆ. ಇದಿಷ್ಟೂ ಒಂದು ಕ್ಷಣದಲ್ಲಿ ಹೊಳೆಯಿತು. ಎಷ್ಟು ಸಣ್ಣ ಮನಸ್ಸು ಎಂದು ಈಗ ಬರೆಯುವಾಗ ಅನ್ನಿಸುತ್ತದೆ. "ಇಲ್ರಿ ಕಾಕಾ" ಎಂದೆ. ಅದು ಗಟ್ಟಿಯಾಗಲಿ ಎಂದು ಇನ್ನೊಂದು ಸೇರಿಸಿದೆ. "ಎಲ್ಲಾರೂ ಮನಿಯಿಂದನ ಡಬ್ಬಿ ತರ್ತಾರ."

ಹ್ಞೂಂ ಎಂದು ತಾಟು ಒರೆಸಿಟ್ಟರು. ಮತ್ತೆ ಕೇಳಲಿಲ್ಲ.

ಕೆಲಸಕ್ಕೆ ಹೊರಟ ಮೊದಲ ದಿನ ಬೆಳಿಗ್ಗೆ ಕಂಪನಿ ಬಸ್ಸಿಗಾಗಿ ಗಲ್ಲಿಯ ಬಾಯಿಗೆ ಬಂದರೆ ಕಾಕಾ ನಿಂತಿದ್ದರು, ಕೈಯಲ್ಲಿ ಬಟ್ಟೆಯ ಗಂಟು. ನಾಲ್ಕು ರೊಟ್ಟಿ, ಪಲ್ಯ, ಹಿಂಡಿ. ಕಾನೂನು ಮುರಿದಿರಲ್ಲ ಕಾಕಾ ಎಂದೆ. "ಕೆಲಸ ಸಿಕ್ಕವರಿಗೆ ಇಲ್ಲಿ ಊಟ ಇಲ್ಲ" ಎಂದರು. "ಇದು ಬುತ್ತಿ. ಕ್ಯಾಂಟೀನ್ ಇಲ್ಲದ ಊರಾಗ ಏನ್ ತಿಂತಿ ನೀ?"

ಎರಡು ವರ್ಷ, ವಾರಕ್ಕೆ ಆರು ದಿನ, ಆ ಬುತ್ತಿ ತಪ್ಪಲಿಲ್ಲ. ನಾನು ಅದನ್ನು ಕ್ಯಾಂಟೀನಿನ ಒಂದು ಮೂಲೆಯಲ್ಲಿ ಬಿಚ್ಚಿ ತಿನ್ನುತ್ತಿದ್ದೆ, ಇಲ್ಲಿಯ ಊಟ ಹೊಟ್ಟೆಗೆ ಆಗುವುದಿಲ್ಲ ಎಂದು ಎಲ್ಲರಿಗೂ ಹೇಳಿಟ್ಟಿದ್ದೆ. ಕ್ಯಾಂಟೀನಿನ ಗುತ್ತೇದಾರ ಒಂದು ದಿನ ನನ್ನೆದುರು ಕೂತು ರೊಟ್ಟಿಯ ಚೂರು ಮುರಿದು ಬಾಯಿಗೆ ಹಾಕಿಕೊಂಡ. ಅಲ್ಲಿಯ ಕೂಲಿಗಳಲ್ಲಿ ಅರ್ಧ ನಮ್ಮ ಕಡೆಯವರು, ರೊಟ್ಟಿ ಬೇಕು ಎಂದು ಅವನ ಜೀವ ತಿನ್ನುತ್ತಿದ್ದರಂತೆ. ಬಡಿಯುವ ಹೆಂಗಸರನ್ನು ನಾನು ಇಡುತ್ತೇನೆ, ಮುಂದೆ ನಿಂತು ಹದ ಹೇಳಿ ಮಾಡಿಸುವ ಒಬ್ಬ ಮೇಸ್ತ್ರಿ ಸಾಕು ಎಂದ. "ಯೇ ರೋಟಿ ಕೌನ್ ಬನಾರೇ ಭಾಯ್?" ಎಂದು ಮಾಡುವವರ ಹೆಸರು ಕೇಳಿದ. ಮನೆಯಲ್ಲಿ ಎಂದೆ. ಒಂದೇ ಒಂದು ಮಾತು ಸಾಕಾಗಿತ್ತು, ಅದು ಬಾಯಿಂದ ಬರಲಿಲ್ಲ. ಈಗ ಹೇಳಿದರೆ ಮೊದಲಿನ ಸುಳ್ಳು ಬಯಲಾಗುತ್ತದಲ್ಲ ಎಂಬ ಹೆದರಿಕೆ. ನಾಳೆ ಹೇಳಿದರಾಯಿತು ಎಂದುಕೊಂಡೆ. ಅಷ್ಟರಲ್ಲಿ ಅವನಿಗೆ ಮೇಸ್ತ್ರಿಯಾಗಿ ತಾಂಡೂರಿನ ಒಬ್ಬ ಸಿಕ್ಕ.

ಆಮೇಲೆ ನನ್ನ ಮದುವೆಯಾಯಿತು, ಮಿಯಾಪುರದಲ್ಲಿ ಮನೆಯಾಯಿತು, ಬುತ್ತಿ ನಿಂತಿತು. ಮೊದಮೊದಲು ಹಬ್ಬಕ್ಕೆ ಹೋಗಿ ಬರುತ್ತಿದ್ದೆ. ಪ್ರತಿ ಸಲ ಹೇಳಬೇಕೆಂದೇ ಹೋಗುವುದು, ಹೇಳದೆ ಬರುವುದು. ಆಮೇಲೆ ಅದೂ ವರ್ಷಕ್ಕೊಮ್ಮೆಯಾಯಿತು, ಬರೇ ಫೋನಾಯಿತು. ಖಾನಾವಳಿ ಮಾತ್ರ ನಡೆದೇ ಇತ್ತು, ತಾಟು ಎಂಟಕ್ಕೆ ಇಳಿದಿತ್ತಂತೆ. ಕೊನೆಯ ವಾರದ ತನಕ ಒಲೆಯ ಮುಂದೆ ಇದ್ದರು ಎಂದ ಶರಣು.

ಆ ಭಾನುವಾರ ಹೋದಾಗ ಕಾಕು ಒಬ್ಬರೇ ಮುಂದಿನ ಖೋಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ನನ್ನನ್ನು ಗುರುತಿಸಲು ಸ್ವಲ್ಪ ಹೊತ್ತು ಬೇಕಾಯಿತು. ಗುರುತು ಹತ್ತಿದ ಮೇಲೆ ಕೈ ಹಿಡಿದು ಕೂರಿಸಿಕೊಂಡರು. ಅವರ ಬಾಯಲ್ಲಿ ನಿನ್ನ ಹೆಸರೇ ಇರುತ್ತಿತ್ತು ಎಂದರು. ಇಷ್ಟು ಮಂದಿಗೆ ಉಣ್ಣಿಸಿದಿರಿ, ಒಬ್ಬನಾದರೂ ನಿಮಗೊಂದು ದಾರಿ ಮಾಡಿದನೇನು ಎಂದು ಯಾರಾದರೂ ಚುಚ್ಚಿದರೆ, ಬೀದರ ಹುಡುಗ ಮಾಡೇ ಮಾಡುತ್ತಿದ್ದ, ಪಾಪ, ಅವನ ಕಾರ್ಖಾನೆಯಲ್ಲಿ ಕ್ಯಾಂಟೀನೇ ಇಲ್ಲ, ಅವನೇನು ಮಾಡಿಯಾನು ಎನ್ನುತ್ತಿದ್ದರಂತೆ. ಹೇಳಿ ಮುಗಿಸಿ, ಸುಮ್ಮನೆ ಮಾತಿಗೆ ಮಾತು ಎಂಬ ಹಾಗೆ ಕೇಳಿದರು. "ಈಗರ ಮಾಡ್ಯಾರೇನಪಾ ಕ್ಯಾಂಟೀನ್?"

ಹೂಂ ಎಂದಿದ್ದರೆ ಮುಗಿದು ಹೋಗುತ್ತಿತ್ತು. ಆದರೆ ಇಪ್ಪತ್ತು ವರ್ಷ ಹೊತ್ತು ಸಾಕಾಗಿತ್ತು. ಮೊದಲಿನಿಂದಲೂ ಇತ್ತು ಕಾಕು ಎಂದೆ. ಗುತ್ತೇದಾರ ಕೇಳಿದ್ದನ್ನೂ ಹೇಳಿದೆ, ನಾಚಿಕೆಗೆ ಹೇಳಲಿಲ್ಲ ಎಂಬುದನ್ನೂ ಹೇಳಿದೆ. ಹೇಳುತ್ತ ಹೇಳುತ್ತ ಎದೆ ಹಗುರಾಗುತ್ತಿರುವುದು ನನಗೇ ತಿಳಿಯುತ್ತಿತ್ತು.

ಕಾಕು ಹಿಡಿದಿದ್ದ ಕೈ ಬಿಟ್ಟರು. ಸಿಟ್ಟಿನಿಂದಲ್ಲ, ಸುಸ್ತಾದವರ ಹಾಗೆ.

"ಎರಡ್ ವರ್ಸ ಆ ಬುತ್ತಿ ರೊಟ್ಟಿ ನಾ ಬಡದೀನಿ" ಎಂದರು. "ಅವರ ರಟ್ಟಿ ಏಳ್ತಿದ್ದಿಲ್ಲ. ನಸಿಕಿಲೆ ನಾ ಬಡೀತಿದ್ದೆ, ಅವರು ಬಾಜೂಕ ಕೂತು, ಇನ್ನೊಂದ ಇಡು, ಅಲ್ಲಿ ಏನೂ ಸಿಗಂಗಿಲ್ಲ ಅಂತಿದ್ರು." ಸೆರಗಿನಿಂದ ಮುಖ ಒರೆಸಿಕೊಂಡು ಒಲೆಯಿದ್ದ ಖೋಲಿಯ ಕಡೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಅವರಿಗಿ ಹೇಳಲಿಲ್ಲ. ಈಗ ನನಗ ಹೇಳಿದಿ. ಇದನ್ನ ತಗೊಂಡು ನಾ ಏನ್ ಮಾಡ್ಲಪಾ?"